ಅಯ್ಯನವರನ್ನು ಆರಿಸುವವರು ನಾವಲ್ಲ

ಕೋಲಾರ ಜಿಲ್ಲೆಯ ಒಂದು ಸಣ್ಣ ಮೆಥಡಿಸ್ಟ್ ಕ್ರೈಸ್ತ ಸಭೆಯ ಲೆಕ್ಕವನ್ನು ನಾನು ಆರು ವರ್ಷ ಬರೆದಿದ್ದೇನೆ. ಆ ಅವಧಿಯಲ್ಲಿ ನೆರೆಹೊರೆಯವರು ನನ್ನನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಚರ್ಚಿನ ಅಯ್ಯನವರನ್ನು ಕಮಿಟಿಯವರೇ ಆರಿಸುತ್ತೀರಾ?" ಹಾಲಿನ ಡೇರಿಯಿಂದ ಹಿಡಿದು ಪಂಚಾಯಿತಿಯವರೆಗೆ ಎಲ್ಲದಕ್ಕೂ ಚುನಾವಣೆ ನಡೆಯುವುದನ್ನು ಕಂಡವರಿಗೆ ಇಂಥ ಸಂಶಯ ಬರುವುದು ಸಹಜವೇ. ಇಲ್ಲವೆಂದರೆ, ಹಾಗಾದರೆ ಸಂಬಳ ಯಾರದು ಎಂಬ ಮರುಪ್ರಶ್ನೆ ಬರುತ್ತದೆ. ಸಭೆಯ ಜನ ಕೊಟ್ಟ ಹಣದ್ದೇ ಎಂದು ಹೇಳಿದಾಗ ಅವರ ಮುಖದಲ್ಲಿ ಮೂಡುವ ಅನುಮಾನವನ್ನು ನಿವಾರಿಸಲು ನನಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬೇಕಾಗುತ್ತದೆ.

ಇದನ್ನು ಬಿಡಿಸಿ ಹೇಳಬೇಕಾದರೆ, ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ನಮ್ಮ ಸಭೆಯ ಸದಸ್ಯರೇ ಅಲ್ಲ ಎಂಬಲ್ಲಿಂದ ಆರಂಭಿಸಬೇಕು. ಅವರ ಸದಸ್ಯತ್ವ ಇರುವುದು ರೀಜನಲ್ ಕಾನ್ಫರೆನ್ಸಿನಲ್ಲಿ, ಅಂದರೆ ಒಂದು ಪ್ರಾಂತ್ಯದ ಸಭೆಗಳಿಗೆಲ್ಲ ಸೇರಿದ ಮಂಡಲಿಯಲ್ಲಿ. ನಮ್ಮ ಮಟ್ಟಿಗೆ ಅದು ದಕ್ಷಿಣ ಭಾರತ ರೀಜನಲ್ ಕಾನ್ಫರೆನ್ಸ್. ಬಿಷಪ್ ಅವರು ಚರ್ಚಿನ ಜಿಲ್ಲಾ ಮೇಲ್ವಿಚಾರಕರೊಡನೆ ಆಲೋಚಿಸಿ, ಯಾರು ಯಾವ ಊರಿಗೆ ಎಂಬ ಪಟ್ಟಿಯನ್ನು ಕಾನ್ಫರೆನ್ಸಿನ ಕೊನೆಯಲ್ಲಿ ಓದುತ್ತಾರೆ. ಕುದುರೆಯ ಮೇಲೆ ಊರೂರು ಸುತ್ತಿದ, ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ತನ್ನ ಬೋಧಕರನ್ನೂ ಒಂದೇ ಕಡೆ ನೆಲೆಯೂರಲು ಬಿಡದೆ ಸುತ್ತಿಸುತ್ತಿದ್ದ ಪದ್ಧತಿಯ ಮುಂದುವರಿಕೆಯಿದು. ಪಟ್ಟಿ ಓದಿದ ರಾತ್ರಿ ಪಾಲಕರ ಮನೆಯಲ್ಲಿ ಮಕ್ಕಳ ಶಾಲೆಯ ಚಿಂತೆ ಶುರುವಾಗುತ್ತದೆಂಬುದನ್ನೂ ನಾನು ನೋಡಿದ್ದೇನೆ. ಆದ್ದರಿಂದ ಈ ಪದ್ಧತಿಯನ್ನು ಹೊಗಳುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ತುಮಕೂರಿನಲ್ಲಿರುವ ನಮ್ಮ ಭಾವ ಇದನ್ನೆಲ್ಲ ಕೇಳಿ, "ನಾವೂ ವೆಸ್ಲಿಯ ಮಕ್ಕಳೇ" ಎನ್ನುತ್ತಾರೆ. ಅದು ನಿಜ. ತುಮಕೂರಿನಲ್ಲಿ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. ಅವರ ಸಭೆಗಳು 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ಯಲ್ಲಿ, ಸೇರಿಹೋದವು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ನಡೆಸುತ್ತಿದ್ದ, 1876-78ರ ಭೀಕರ ಬರಗಾಲದ ಅನಾಥ ಮಕ್ಕಳನ್ನು ಸಾಕಿದ ಮಿಷನ್ನು 1890ರಲ್ಲಿ ಅಮೆರಿಕನ್ ಮೆಥಡಿಸ್ಟರ ಕೈಗೆ ಬಂತು. ಆ ಸಾಲಿನವರು 1947ರ ಐಕ್ಯದಲ್ಲಿ ಸೇರಲಿಲ್ಲ. 1981ರ ಜನವರಿ 7ರಂದು ಸ್ವಾಯತ್ತವಾದ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಆದರು. ಇಡೀ ದೇಶದ ನಿಯಮಗಳನ್ನು ಮಾಡುವುದೂ ಬಿಷಪ್‌ರನ್ನು ಚುನಾಯಿಸುವುದೂ ನಾಲ್ಕು ವರ್ಷಕ್ಕೊಮ್ಮೆ ಸೇರುವ ಜನರಲ್ ಕಾನ್ಫರೆನ್ಸಿನ ಕೆಲಸ. ಆ ನಿಯಮಗಳ ಪುಸ್ತಕಕ್ಕೆ ಡಿಸಿಪ್ಲಿನ್ ಎಂದು ಹೆಸರು. ಕಮಿಟಿಯಲ್ಲಿ ದನಿ ಏರಿದಾಗಲೆಲ್ಲ ಯಾರಾದರೊಬ್ಬರು ಅದನ್ನು ಎತ್ತಿ ಹಿಡಿಯುವುದುಂಟು, ತೆರೆದು ಓದುವವರು ಮಾತ್ರ ಕಡಿಮೆ.

ಹಾಗಾದರೆ ಸ್ಥಳೀಯ ಸಭೆಗೆ ಉಳಿದದ್ದೇನು? ವರ್ಷದ ಪಾಸ್ಟರೇಟ್ ಕಾನ್ಫರೆನ್ಸ್, ಅಂದರೆ ನಮ್ಮ ಸಭೆಯದೇ ವಾರ್ಷಿಕ ಕೂಟ. ಅದರ ಅಧ್ಯಕ್ಷತೆ ನಮ್ಮ ಅಯ್ಯನವರದಲ್ಲ, ಜಿಲ್ಲಾ ಮೇಲ್ವಿಚಾರಕರದು. ಇದು ಸಣ್ಣ ವಿಷಯವೆಂದು ನಾನು ಮೊದಲು ತಿಳಿದಿದ್ದೆ. ಸಾಮಾನ್ಯ ಸದಸ್ಯರ ಮುಖಂಡನಾದ ಲೇ ಲೀಡರ್, ಹಣಕಾಸು ನೋಡಿಕೊಳ್ಳುವ ಸ್ಟುವರ್ಡ್‌ಗಳು, ಸಂಡೇ ಸ್ಕೂಲ್ ಮೇಲ್ವಿಚಾರಕರು ಆಯ್ಕೆಯಾಗುವುದು ಅಲ್ಲಿ. ಪಾಲಕರು ವರದಿ ಒಪ್ಪಿಸುವುದು, ಸ್ತ್ರೀಯರ ಸಂಘದವರೂ ಯುವಜನರೂ ತಮ್ಮ ತಮ್ಮ ಕೆಲಸದ ವಿವರ ಕೊಡುವುದು, ಖಜಾಂಚಿಯಾದವನು ಎದ್ದುನಿಂತು ಪೈಸೆ ಪೈಸೆಗೂ ಉತ್ತರ ಹೇಳುವುದು ಅಲ್ಲಿಯೇ. ಹೊರಗಿನಿಂದ ಬಂದವರು ಅಧ್ಯಕ್ಷರಾಗಿರುವುದರಿಂದ ಅಯ್ಯನವರ ಎದುರಿಗೇ ಅಯ್ಯನವರ ಕುರಿತು ಮಾತನಾಡಲು ಸಾಧ್ಯವಾಗುತ್ತದೆ.

ನನ್ನನ್ನು ಹೆಚ್ಚು ದಣಿಸಿದ್ದು ಸುಗ್ಗಿ ಹಬ್ಬದ ಲೆಕ್ಕ. ರಾಗಿ ಮೂಟೆ, ಟೊಮೆಟೊ ಬಾಕ್ಸು, ನಾಟಿ ಕೋಳಿ ಎಲ್ಲವನ್ನೂ ಜನ ಉತ್ಸಾಹದಿಂದ ಹರಾಜು ಕೂಗಿ, ಒಂದು ನಿಂಬೆಹಣ್ಣನ್ನು ಐನೂರಕ್ಕೆ ಏರಿಸಿ, ಕೋಳಿಯನ್ನು ಅಂದೇ ಸಾರು ಮಾಡಿ, ಹಣವನ್ನು ಮುಂದಿನ ಈಸ್ಟರಿನ ತನಕ ಬಾಕಿ ಉಳಿಸುತ್ತಾರೆ. ಬಾಕಿ ಕೇಳಲು ಮನೆ ಮನೆ ಅಲೆಯುವಾಗ ನನಗೆ ನೆನಪಾಗುತ್ತಿದ್ದದ್ದು 1742ರ ಇಂಗ್ಲೆಂಡಿನ ಬ್ರಿಸ್ಟಲ್. ವೆಸ್ಲಿಯ ಅನುಯಾಯಿಗಳ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡರ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೊಬ್ಬ ನಾಯಕನು ತಲೆಗೆ ವಾರಕ್ಕೊಂದು ಪೆನ್ನಿ ಸಂಗ್ರಹಿಸಬೇಕೆಂದು ಅಲ್ಲಿ ಗೊತ್ತುಮಾಡಿದರು. ಹಣಕ್ಕೆಂದು ಹೋದ ನಾಯಕರು ಯಾರ ಮನೆಯಲ್ಲಿ ಕಾಯಿಲೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದನ್ನೂ ತಿಳಿದು ಬಂದರು. ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಸಣ್ಣ ಗುಂಪಿನ ಕೂಟ, ಮೆಥಡಿಸ್ಟರ ಕ್ಲಾಸ್ ಮೀಟಿಂಗ್, ಬೆಳೆದದ್ದು ಹೀಗೆ. ಕೋಳಿಯ ಬಾಕಿಗೆಂದು ಹೋದ ನಾನೂ ಒಂದೆರಡು ಮನೆಗಳಲ್ಲಿ ಬಾಕಿಯ ಮಾತೇ ಎತ್ತದೆ ಹಿಂದಿರುಗಿದ್ದೇನೆ.

ಕಟ್ಟಡ ಮತ್ತು ಜಮೀನಿನ ಮಾತು ಬೇರೆ. ಹೆಂಚು ಬದಲಿಸುವುದು, ಸುಣ್ಣ ಹೊಡೆಸುವುದು ನಮ್ಮ ಕೆಲಸ. ಮಾರುವ, ಗುತ್ತಿಗೆ ಕೊಡುವ ಅಧಿಕಾರ ನಮಗಿಲ್ಲ, ಏಕೆಂದರೆ ಆಸ್ತಿಯನ್ನು ಇಡೀ ಸಂಸ್ಥೆಯ ಪರವಾಗಿ ಟ್ರಸ್ಟಿನಲ್ಲಿ ಇಡಲಾಗಿದೆ. ಕಾಂಪೌಂಡಿನ ರಸ್ತೆ ಬದಿಯಲ್ಲಿ ಅಂಗಡಿ ಕಟ್ಟಿಸಿ ಬಾಡಿಗೆ ಪಡೆಯಬಹುದಲ್ಲವೇ ಎಂದು ಒಬ್ಬರು ಕೇಳಿದಾಗ ಆ ಉತ್ಸಾಹ ನನಗೂ ಹಿಡಿದಿತ್ತು. ಈಗ ಆ ಬೇವಿನ ಮರದ ನೆರಳಿನಲ್ಲಿ ನಿಂತಾಗ, ನಮ್ಮ ಕೈ ಕಟ್ಟಿದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ನೆರೆಹೊರೆಯವರಿಗೆ ನಾನು ಹೇಳಲು ಮರೆಯುತ್ತಿದ್ದ ಮಾತೊಂದಿದೆ. ನಮ್ಮ ಪಾಲಕರನ್ನು ನಾವು ಆರಿಸುವುದಿಲ್ಲ, ಆದರೆ ಪಾಲಕರಾಗಬಯಸುವವರು ಮೊದಲು ತಮ್ಮ ಸ್ವಂತ ಸಭೆಯ ಶಿಫಾರಸು ಪಡೆಯಬೇಕು. ಓದು, ಪರೀಕ್ಷೆ, ಡೀಕನ್ ಮತ್ತು ಎಲ್ಡರ್ ಎಂಬ ಎರಡು ಹಂತದ ಪಾಲಕ ದೀಕ್ಷೆಗಳೆಲ್ಲ ಅದರ ನಂತರದವು. 1956ರಲ್ಲಿ ಅಮೆರಿಕದಲ್ಲಿ ಸೇರಿದ್ದ ಮೆಥಡಿಸ್ಟ್ ಜನರಲ್ ಕಾನ್ಫರೆನ್ಸ್ ಸ್ತ್ರೀಯರಿಗೂ ಪಾಲಕರಾಗಿ ಕಾನ್ಫರೆನ್ಸಿನ ಪೂರ್ಣ ಸದಸ್ಯತ್ವದ ದಾರಿ ತೆರೆದಿತ್ತು. ಈ ವರ್ಷ ನಮ್ಮ ಸಂಡೇ ಸ್ಕೂಲಿನಲ್ಲೇ ಬೆಳೆದ ಒಬ್ಬ ಹುಡುಗಿಯ ಹೆಸರು ಪಾಸ್ಟರೇಟ್ ಕಾನ್ಫರೆನ್ಸಿನ ಮುಂದೆ ಬಂದಾಗ, ಸುಗ್ಗಿ ಹಬ್ಬದ ಬಾಕಿದಾರರೂ ಸೇರಿದಂತೆ ಎಲ್ಲರೂ ಕೈ ಎತ್ತಿದರು. ಓದು ಮುಗಿಸಿದ ಮೇಲೆ ಆಕೆ ನಮ್ಮಲ್ಲಿಗೇ ಬರಲಿ ಎಂದು ಅವಳ ಅಜ್ಜಿ ಎದ್ದುನಿಂತು ಕೇಳಿಕೊಂಡರು. ಜಿಲ್ಲಾ ಮೇಲ್ವಿಚಾರಕರು ನಕ್ಕು, ಅದನ್ನು ನಡಾವಳಿಯಲ್ಲಿ ಬರೆಯಬೇಡಿರೆಂದು ಕಾರ್ಯದರ್ಶಿಗೆ ಹೇಳಿದರು.