ಸೀಟು ಸಿಕ್ಕ ಮೇಲೆ ಮುಚ್ಚುವ ಬಾಗಿಲುಗಳು

ಮುಂಬೈ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು 1926ರಲ್ಲಿ ಶುರುವಾದಾಗ ದಾನಿಗಳ ಷರತ್ತು ಗಟ್ಟಿಯಾಗಿತ್ತು: ಪಾಠ ಮಾಡುವವರು ಸರ್ಕಾರಿ ಸೇವೆಯಲ್ಲಿಲ್ಲದ ಭಾರತೀಯರೇ ಆಗಿರಬೇಕು. ಯಾರು ಒಳಗೆ ಬರಬೇಕೆಂದು ಬರೆದೇ ಇಟ್ಟಿದ್ದರು. ಇವತ್ತು ಸಂಶೋಧನೆಗೆ ಇಳಿಯಬಯಸುವ ವೈದ್ಯ ವಿದ್ಯಾರ್ಥಿಗಳಿಗೆ ಬರೆದಿಟ್ಟ ನಿಯಮ ಇರುವುದು ಹೆಚ್ಚಾಗಿ ಸೀಟು ಹಂಚುವ ತನಕ. ಅಲ್ಲಿಂದಾಚೆ ಪರಿಚಯವೇ ಬಂಡವಾಳ.

ಮೊದಲ ಮೆಟ್ಟಿಲು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್, ವೈದ್ಯ ವಿದ್ಯಾರ್ಥಿಗಳ ಕಿರು ಸಂಶೋಧನೆಗೆಂದು 1979ರಿಂದ ಇರುವ ಯೋಜನೆ. ಒಬ್ಬ ಗೈಡ್, ಎರಡು ತಿಂಗಳ ಪ್ರಾಜೆಕ್ಟ್, 50,000 ರೂಪಾಯಿ ಸ್ಟೈಪೆಂಡ್. ಮೊತ್ತಕ್ಕೆ ತಕರಾರಿಲ್ಲ. ಆದರೆ ಹಣ ಬರುವುದು ವರದಿ ಒಪ್ಪಿಗೆಯಾದ ಮೇಲೆ. ಮಹಾರಾಷ್ಟ್ರದ ಗಡಿಯ ಜತ್ ಅಥವಾ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಓದಿ ಪುಣೆಗೆ ಬಂದ ಹುಡುಗಿ ರಜೆಯಲ್ಲೂ ಹಾಸ್ಟೆಲಿನಲ್ಲಿ ಉಳಿಯಬೇಕು, ಮೆಸ್ ಮುಚ್ಚಿದ್ದರೆ ಹೊರಗೆ ಉಣ್ಣಬೇಕು, ಜೆರಾಕ್ಸಿನಿಂದ ಹಿಡಿದು ಎಲ್ಲಕ್ಕೂ ಕೈಯಿಂದ ಹಾಕಬೇಕು. ಮನೆಯಲ್ಲಿ ಅನುಕೂಲ ಇದ್ದವರು ಹಾಕುತ್ತಾರೆ; ಇಲ್ಲದವರು ಅರ್ಜಿಯನ್ನೇ ಹಾಕುವುದಿಲ್ಲ. ಆಮೇಲೆ 'ಆಸಕ್ತಿ ಇಲ್ಲ' ಅನ್ನುವ ಹಣೆಪಟ್ಟಿ ಬೇರೆ.

ಪರಿಹಾರ ದುಬಾರಿಯೇನಲ್ಲ. ಕಾಲೇಜು 2 ಲಕ್ಷ ತೆಗೆದಿಟ್ಟರೆ ಹತ್ತು ಜನಕ್ಕೆ ತಲಾ 20,000 ಮುಂಗಡ ಕೊಡಬಹುದು. ಸ್ಟೈಪೆಂಡ್ ಬಂದಾಗ ವಾಪಸ್. ವರದಿ ತಿರಸ್ಕೃತವಾದರೆ ಸಾಲ ತೀರಿಸುವವರು ಯಾರೆಂದು ಮೊದಲೇ ಬರೆದುಕೊಳ್ಳಿ, ಇಲ್ಲದಿದ್ದರೆ ಎರಡನೇ ವರ್ಷಕ್ಕೇ ನಿಧಿ ಬತ್ತುತ್ತದೆ. ಕೆಲವು ಸಾಲ ಮುಳುಗುತ್ತವೆ ಅಂತಲೇ ಲೆಕ್ಕ ಹಾಕಿ ಕಾಲೇಜೇ ಹೊರುವುದು ಮೇಲು.

ಗೈಡ್ ಹಂಚಿಕೆಯೂ ಕ್ಯಾಬಿನ್ ಬಾಗಿಲು ತಟ್ಟುವ ಧೈರ್ಯದ ಮೇಲೆ ನಿಂತಿರಬಾರದು. ಪ್ರತಿ ವಿಭಾಗ ಒಂದು ಪುಟ ಹಾಕಲಿ: ವಿಷಯ, ಗೈಡ್, ಎಷ್ಟು ಜನ, ಸಂಶೋಧನೆಗೆ ನೈತಿಕ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಸಭೆ ಯಾವಾಗ. ಅರ್ಜಿಯಿಂದ ಹೆಸರು, ಅಡ್ಡಹೆಸರು ತೆಗೆದು ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಲಿ. 'ಈಗಾಗಲೇ ಪ್ರಕಟವಾದ ಪೇಪರ್ ಇದೆಯೇ' ಅನ್ನುವುದಕ್ಕೆ ಅಂಕ ಬೇಡವೇ ಬೇಡ. ಅಪ್ಪ ಅಮ್ಮ ಡಾಕ್ಟರಾದವರಿಗೆ ಅದು ಬಿಟ್ಟಿ ಅಂಕ.

ಇಂಥವರು ಮುಂದೆ ಸೋರಿಹೋಗುವುದು ಪಿಎಚ್‌ಡಿಯಲ್ಲಿ. ಯುಜಿಸಿಯ 2022ರ ನಿಯಮದಲ್ಲಿ ಮಹಿಳೆಯರಿಗೂ 40%ಗಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಪಿಎಚ್‌ಡಿ ಮುಗಿಸಲು ಉಳಿದವರಿಗಿಂತ ಎರಡು ವರ್ಷ ಹೆಚ್ಚು ಸಿಗುತ್ತದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನಗಳ ರಜೆಯೂ ಇದೆ. ರಜೆ ಕಾಗದದಲ್ಲಿ ಸಿಕ್ಕರೂ ಲ್ಯಾಬಿನಲ್ಲಿ ಬೆಳೆಸುವ ಜೀವಕೋಶ, ಅಂದರೆ ಸೆಲ್ ಕಲ್ಚರ್, ಕಾಯುವುದಿಲ್ಲವಲ್ಲ. ಅದಕ್ಕೇ ರಜೆಗೆ ಎರಡು ತಿಂಗಳ ಮೊದಲೇ, ಕಡಿಮೆ ಪ್ಯಾಸೇಜಿನ (ಹೆಚ್ಚು ಸಲ ಹೊಸ ಪಾತ್ರೆಗೆ ಬದಲಿಸದ) ಕೋಶಗಳನ್ನು, ಹೆಪ್ಪುಗಟ್ಟುವಾಗ ಹಾಳಾಗದಂತೆ ಕಾಯುವ 10% ಡಿಎಂಎಸ್‌ಒನಲ್ಲಿ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕಕ್ಕೆ ಹಾಕಿಡಬೇಕು. ಒಂದು ವಯಲ್ ಕರಗಿಸಿ ಬದುಕಿವೆಯೇ, ಕಲ್ಚರ್ ಕೆಡಿಸುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಇದೆಯೇ ನೋಡಲೇಬೇಕು. ಇದನ್ನು ಬಿಟ್ಟವರು ವಾಪಸ್ ಬಂದಾಗ ಸತ್ತ ಕೋಶ ಸಿಗುತ್ತದೆ, ವರ್ಷ ಹೋಗುತ್ತದೆ, ಬೈಗುಳ ಮಾತ್ರ ತಾಯ್ತನಕ್ಕೆ. ಬಸುರಿಯಾದವರನ್ನು ಲ್ಯಾಬಿನಿಂದಲೇ ದೂರ ಇಡುವುದೂ ಸಲ್ಲ. ಫಾರ್ಮಲಿನ್, ಕ್ಸೈಲೀನ್, ಐಸೋಟೋಪಿನ ಕೆಲಸ ಬೇರೆಯವರಿಗೆ ಕೊಡಿ, ಡೇಟಾ ಅವರ ಕೈಯಲ್ಲೇ ಇರಲಿ.

ಅಂಗವೈಕಲ್ಯದ ಶೇಕಡಾವಾರು ಅಂಕಿಯನ್ನಷ್ಟೇ ನೋಡಿ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದ್ದು ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬರ ಪ್ರಕರಣದಲ್ಲೇ. ಲ್ಯಾಬುಗಳು ಮಾತ್ರ ಇದ್ದಂತೆಯೇ ಇವೆ. ನಿಂತು ಕೆಲಸ ಮಾಡುವ ಬೆಂಚು ಸುಮಾರು 90 ಸೆಂ.ಮೀ.; ವೀಲ್‌ಚೇರಿಗೆ 75ರ ಆಸುಪಾಸು ಬೇಕು, ಕೆಳಗೆ ಮಂಡಿಗೆ ಜಾಗ ಬಿಟ್ಟು. ಒಂದು ಬೆಂಚು ಹೀಗೆ ಮಾಡಿಸಿದರೆ ಸಾಕು. ಬಣ್ಣಗುರುಡು ಇರುವವರಿಗಾಗಿ ಸೂಕ್ಷ್ಮದರ್ಶಕದ ಫ್ಲೋರೆಸೆನ್ಸ್ ಚಿತ್ರಗಳಲ್ಲಿ ಕೆಂಪು-ಹಸಿರು ಬಿಟ್ಟು ಮೆಜೆಂಟಾ-ಹಸಿರು ಬಳಸಿ, ಖರ್ಚು ಸೊನ್ನೆ.

ಮುಂಬೈಯ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ಹಗಲು ದುಡಿಯುವ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಊರಿದು. ಅಂಕ ತೆಗೆದವರಿಗೆ ಶಾಲು ಹೊದಿಸುವ ಕಾರ್ಯಕ್ರಮದ ದುಡ್ಡಿನಲ್ಲಿ ಒಬ್ಬ ಎಸ್‌ಟಿಎಸ್ ವಿದ್ಯಾರ್ಥಿಯ ಎರಡು ತಿಂಗಳ ಕೋಣೆ, ಊಟ ನೋಡಿಕೊಳ್ಳಬಹುದು. ಕೇಳಬೇಕಾದ ಕಾಗದ ಎರಡೇ: ಗೈಡಿನ ಪತ್ರ, ಎಥಿಕ್ಸ್ ಕಮಿಟಿಯ ಒಪ್ಪಿಗೆ. ಆದಾಯ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿ ಸುತ್ತಿಸಬೇಡಿ, ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ.