ಮೊದಲು ಹೊರಗಿನ ಕೊಳವೆ ತಿರುಗಲಿ

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬಾಗಿ ಹರಿಯುವ ದ್ರವ ಯಾವಾಗ ಅಸ್ಥಿರವಾಗುತ್ತದೆ, ಅಂದರೆ ಯಾವಾಗ ಅದರಲ್ಲಿ ಸಣ್ಣ ಕದಲಿಕೆಯೂ ಬೆಳೆದು ಸುರುಳಿಯಾಗಿ ಏಳುತ್ತದೆ ಎಂಬ ಪಾಠ ನನಗೆ ಬಹಳ ಇಷ್ಟ. ಇದನ್ನು ಕಲಿಸುತ್ತ ನಾನು ಕಂಡುಕೊಂಡದ್ದು ಇಷ್ಟು: ಸುರುಳಿ ಏಳುವ ಪ್ರಯೋಗಕ್ಕಿಂತ ಮೊದಲು ಸುರುಳಿ ಏಳದ ಪ್ರಯೋಗವನ್ನು ತೋರಿಸಬೇಕು.

ನಮ್ಮ ಉಪಕರಣ ಸರಳವಾದದ್ದು. ಹೊರಗೆ ಪಾರದರ್ಶಕ ಅಕ್ರಿಲಿಕ್ ಕೊಳವೆ, ಒಳಗೆ ಕಪ್ಪು ಬಣ್ಣ ಬಳಿದ 63 ಮಿಲಿಮೀಟರಿನ ಪಿವಿಸಿ ಪೈಪು, ನಡುವೆ ಸುಮಾರು ಒಂದು ಸೆಂಟಿಮೀಟರ್ ಸಂದು. ಎರಡನ್ನೂ ಬೇರೆಬೇರೆಯಾಗಿ ತಿರುಗಿಸಬಹುದು. ಬರಿಯ ನೀರು ತುಂಬಿದರೆ ಒಳಪೈಪು ನಿಮಿಷಕ್ಕೆ ಮೂರು ಸುತ್ತು ಹಾಕುವಷ್ಟರಲ್ಲಿ ಸುರುಳಿ ಎದ್ದುಬಿಡುತ್ತದೆ. ಅಷ್ಟು ನಿಧಾನಕ್ಕೆ ನಮ್ಮ ಮೋಟಾರು ಓಡುವುದಿಲ್ಲ. ಹಾಗಾಗಿ ಅರ್ಧಕ್ಕರ್ಧ ಗ್ಲಿಸರಿನ್ ಬೆರೆಸಿ, ಹರಿವು ಕಣ್ಣಿಗೆ ಕಾಣಲೆಂದು ಚಿಟಿಕೆ ಅಲ್ಯುಮಿನಿಯಂ ಪುಡಿ ಕದಡುತ್ತೇವೆ.

ಮೊದಲ ಸರದಿ ಹೊರಗಿನ ಕೊಳವೆಯದು. ತಳದ ಹತ್ತಿರ ತುಸು ಕದಡಿದರೂ ನಡುಭಾಗದಲ್ಲಿ ಪುಡಿಯ ಹೊಳಪು ಒಂದೇ ಸಮ. ವೇಗ ಏರಿಸಿದರೂ ಅಷ್ಟೇ. ಮಕ್ಕಳಿಗೆ ಬೇಸರ ಬಂದರೂ ನಾನು ಅವಸರ ಮಾಡುವುದಿಲ್ಲ. ಆಮೇಲೆ ಅದನ್ನು ನಿಲ್ಲಿಸಿ, ದ್ರವ ಶಾಂತವಾದ ಬಳಿಕ ಒಳಪೈಪನ್ನು ತಿರುಗಿಸುತ್ತೇನೆ. ರೆಗ್ಯುಲೇಟರನ್ನು ಮೆಲ್ಲಗೆ ಏರಿಸಿದಂತೆ, ಬಳೆಗಳನ್ನು ಪೇರಿಸಿಟ್ಟ ಹಾಗೆ ಪಟ್ಟಿಗಳು ಮೂಡುತ್ತವೆ. ಒಂದೊಂದರ ಎತ್ತರ ಸಂದಿನ ಅಗಲದಷ್ಟೇ. ಅಕ್ಕಪಕ್ಕದವು ಪರಸ್ಪರ ವಿರುದ್ಧ ದಿಕ್ಕಿಗೆ ಸುತ್ತುತ್ತವೆ.

“ಆಗ ಇದಕ್ಕಿಂತ ಜೋರಾಗಿ ತಿರುಗಿತ್ತಲ್ಲ ಸರ್, ಆಗ ಯಾಕೆ ಏಳಲಿಲ್ಲ?”

ಈ ಪ್ರಶ್ನೆ ಬರಲೆಂದೇ ಆ ಕ್ರಮ. ವೇಗ ಹೆಚ್ಚಿದರೆ ಹರಿವು ಕೆಡುತ್ತದೆ ಎಂಬ ತಿಳಿವಳಿಕೆ ಅಲ್ಲಿಗೆ ಸಡಿಲವಾಗುತ್ತದೆ. ಉತ್ತರವನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲೇ ಕೊಟ್ಟಿದ್ದಾರೆ. ದ್ರವದ ಒಂದು ಕಣ ಹೊರಕ್ಕೆ ಸರಿದಾಗ ತನ್ನ ಕೋನೀಯ ಸಂವೇಗವನ್ನು (ಸುತ್ತುವ ವೇಗವನ್ನು ಅಕ್ಷದಿಂದಿರುವ ದೂರದಿಂದಲೂ ದ್ರವ್ಯರಾಶಿಯಿಂದಲೂ ಗುಣಿಸಿದ್ದು) ಹೊತ್ತೇ ಸರಿಯುತ್ತದೆ. ಹೊಸ ಜಾಗದ ಒತ್ತಡ ಅಲ್ಲಿಯ ಕಣಗಳನ್ನು ಹಿಡಿದಿಡುವಷ್ಟೇ ಇರುತ್ತದೆ. ಬಂದ ಕಣದ ಕೋನೀಯ ಸಂವೇಗ ಅಲ್ಲಿಯವಕ್ಕಿಂತ ಹೆಚ್ಚಿದ್ದರೆ ಆ ಒತ್ತಡ ಸಾಲದು. ಕಣ ಇನ್ನೂ ಹೊರಕ್ಕೆ ಹೋಗುತ್ತದೆ. ಕಡಿಮೆಯಿದ್ದರೆ ಮರಳಿ ಬರುತ್ತದೆ. ಒಳಪೈಪು ಮಾತ್ರ ತಿರುಗುವಾಗ ಕೋನೀಯ ಸಂವೇಗ ಹೊರಕ್ಕೆ ಹೋದಂತೆ ಇಳಿಯುತ್ತದೆ, ಹೊರಗಿನದು ಮಾತ್ರ ತಿರುಗುವಾಗ ಏರುತ್ತದೆ. ದ್ರವದ ಸ್ನಿಗ್ಧತೆಯನ್ನೂ, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನೂ ಲೆಕ್ಕಕ್ಕೆ ಹಿಡಿದು, ಸುರುಳಿ ಏಳುವ ವೇಗವನ್ನು ಗಣಿಸಿ ಪ್ರಯೋಗದಲ್ಲೂ ತೋರಿಸಿದವರು ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್, 1923ರಲ್ಲಿ. ಗಣಿತ ಮತ್ತು ಪ್ರಯೋಗ ಅಷ್ಟು ಚೆನ್ನಾಗಿ ತಾಳೆಯಾದದ್ದು ನನಗೆ ಇಂದಿಗೂ ರೋಮಾಂಚನದ ವಿಷಯ.

ಜೋರಾಗಿ ತಿರುಗುತ್ತಿರುವ ಹೊರಕೊಳವೆಯನ್ನು ಥಟ್ಟನೆ ನಿಲ್ಲಿಸುವುದು ಕೊನೆಯ ಪರೀಕ್ಷೆ. ಗೋಡೆ ನಿಂತಿತು, ದ್ರವ ಇನ್ನೂ ಓಡುತ್ತಿದೆ. ಹಾಗಾಗಿ ಗೋಡೆಯ ಬದಿಯಲ್ಲಿ ಕೋನೀಯ ಸಂವೇಗ ಹೊರಕ್ಕೆ ಹೋದಂತೆ ಇಳಿಯುತ್ತದೆ, ಅಲ್ಲಿ ಕ್ಷಣಕಾಲ ಸುರುಳಿಗಳು ಎದ್ದು ಮಾಯವಾಗುತ್ತವೆ. ಒಳಬಾಗಿದ ಗೋಡೆಯ ಮೇಲಿನ ಹರಿವಿಗೆ ಜರ್ಮನ್ ಗಣಿತಜ್ಞ ಗೋರ್ಟ್ಲರ್ 1940ರಲ್ಲಿ ಹೇಳಿದ್ದೂ ಇದೇ ಬಗೆಯ ಅಸ್ಥಿರತೆ.

ಚಂದ್ರಗಿರಿ ಹೊಳೆಯ ತಿರುವಿನಲ್ಲೂ ಇದೇ ಆಗುತ್ತದೆಯೇ ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ಅಲ್ಲ. ತಿರುವಿನಲ್ಲಿ ತಳದ ನೀರು ನಿಧಾನವಾಗಿರುವುದರಿಂದ ಒಳದಂಡೆಯತ್ತ ಸರಿದು ಮರಳು ಪೇರಿಸುತ್ತದೆ, ಹೊರದಂಡೆ ಕೊರೆಯುತ್ತದೆ. ಆ ಅಡ್ಡ ಹರಿವು ನೀರು ಬಾಗಿದ ಕೂಡಲೇ ಇರುತ್ತದೆ. ಯಾವುದೋ ವೇಗ ದಾಟುವವರೆಗೆ ಕಾಯುವುದಿಲ್ಲ. ಅಸ್ಥಿರತೆಗೆ ಹೊಳೆಯ ಉದಾಹರಣೆ ಕೊಡಬೇಡಿ ಎಂದು ಹೊಸದಾಗಿ ಸೇರಿದ ಅಧ್ಯಾಪಕರಿಗೂ ಹೇಳುತ್ತೇನೆ.