ಸಂಘದ ಬಡ್ಡಿ ಲೆಕ್ಕ, ರಾಗಿ ಮಾಲ್ಟ್‌ನ ತೇವ

ಮಹಿಳಾ ಸ್ವಸಹಾಯ ಸಂಘದಲ್ಲಿ ಹದಿನೈದು ಜನ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ ಅಂದರೆ 26 ವಾರಕ್ಕೆ 19,500. ಆರು ತಿಂಗಳು ಸಭೆ, ಉಳಿತಾಯ, ಒಳಸಾಲ (ಸಂಘದ ಹಣದಿಂದಲೇ ಸದಸ್ಯರಿಗೆ ಕೊಡುವ ಸಾಲ), ಮರುಪಾವತಿ, ಲೆಕ್ಕಪುಸ್ತಕ ಐದೂ ತಪ್ಪದಿದ್ದರೆ ಬ್ಯಾಂಕ್ ಸಾಲ ಕೇಳಬಹುದು.

ಎಡವಟ್ಟಾಗುವುದು ಒಳಸಾಲದ ಬಡ್ಡಿಯಲ್ಲಿ. 5,000 ಸಾಲ, ತಿಂಗಳಿಗೆ ಶೇ. 2, ಹತ್ತು ಕಂತು ಅಂದುಕೊಳ್ಳಿ. ಬಾಕಿ ಉಳಿದ ಅಸಲಿಗಷ್ಟೇ ಹಾಕಿದರೆ ಬಡ್ಡಿ 550. ಕೊನೇತನಕ ಪೂರ್ತಿ ಅಸಲಿಗೇ ಹಾಕಿದರೆ 1,000. ಓದು ಬಾರದವರ 450 ರೂಪಾಯಿ ಹೋಗುವುದು ಇಲ್ಲೇ. ಪಾಸ್‌ಬುಕ್ಕಿನಲ್ಲಿ ಬರೆದದ್ದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ.

ಸಾಲ ಹಾಕಿ ದುಡಿಮೆ ಶುರುಮಾಡುವವರಿಗೆ ತರಬೇತಿ ಬೇಕಾದರೆ ನೆಲಮಂಗಲದ ಕಡೆ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಊಟ ವಸತಿ ಸಮೇತ ಉಚಿತ. ಎಲ್ಲರೂ ಟೈಲರಿಂಗ್‌ಗೇ ಮುಗಿಬೀಳುತ್ತಾರೆ. ನನ್ನ ಓಟು ರಾಗಿ ಮಾಲ್ಟ್‌ಗೆ. ರಾಗಿ 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಮೊಳಕೆ ಬರಿಸಿ, ನೆರಳಲ್ಲಿ ಗಲಗಲ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿಸಿ. ತೇವ ಉಳಿದರೆ ಪ್ಯಾಕೆಟ್ ಮುಗ್ಗಲು ಹಿಡಿಯುತ್ತದೆ. ಮಿಲ್‌ನಿಂದ ಬಂದ ಬಿಸಿ ಹಿಟ್ಟನ್ನು ಆರಿಸದೆ ಸೀಲ್ ಮಾಡಿದರೂ ಅದೇ ಗತಿ.

ಮಾಲ್ಟ್‌ಗೆ ಬೆಲೆ ಕಟ್ಟುವಾಗ ಹೆಂಗಸರು ತಮ್ಮ ಕೂಲಿಯನ್ನೇ ಬಿಟ್ಟುಬಿಡುತ್ತಾರೆ! ಮಾರಲು ಬೆಂಗಳೂರಿಗೆ ಹೋಗುವಾಗ ಸಾಮಾನ್ಯ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ ಸರಿ, ಮೂಟೆ ಭಾರವಾದರೆ ಲಗೇಜ್ ಚಾರ್ಜ್ ಬೀಳುತ್ತದೆ. ಅದನ್ನೂ ಸೇರಿಸಿ.